ಬುಧವಾರದ ಖಾಲಿ ಮನೆಗಳು

ಸಿದ್ದಾಪುರದಲ್ಲಿ ಗಿಡ ಮಾರಿ ಬದುಕಿದ ಮನೆಗಳಲ್ಲಿ ನಮ್ಮದೂ ಒಂದು. ಲಾಲ್‌ಬಾಗಿನ ಒಂದು ಗೇಟಿಗೆ ನಮ್ಮ ಸಿದ್ದಾಪುರದ ಹೆಸರೇ ಇದೆ. ಒಳಗೆ ಹೂವು ನೋಡಿ ಮನಸೋತವರು ಹೊರಗೆ ಬಂದು ಸಸಿ ಕೊಳ್ಳುವುದು, ಮನೆಗೆ ಒಯ್ದು ಅದನ್ನು ಸಾಯಿಸುವುದು, ಮುಂದಿನ ವರ್ಷ ಮತ್ತೆ ಬರುವುದು – ಈ ಚಕ್ರವನ್ನು ನಂಬಿಕೊಂಡೇ ತಾತ, ಅಪ್ಪ ಸಂಸಾರ ಸಾಗಿಸಿದರು. ಈಗ ನರ್ಸರಿ ಇಲ್ಲ. ಆ ಜಾಗದಲ್ಲಿ ಮಹಡಿ ಮೇಲೆ ಮಹಡಿ ಎದ್ದಿದೆ, ಪ್ರತಿ ಬಾಲ್ಕನಿಯಲ್ಲೂ ಒಂದು ಮನಿಪ್ಲಾಂಟ್ ಸೊರಗಿ ನೇತಾಡುತ್ತಿದೆ. ಅಪ್ಪನೂ ಇಲ್ಲ. ಉಳಿದಿರುವುದು ಅವರ ದಿನವಹಿ ಲೆಕ್ಕದ ಪುಸ್ತಕಗಳು ಮಾತ್ರ.

ಅವುಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂದದ್ದು ನನ್ನ ಮಗಳ ಕಾಲೇಜಿನಿಂದ. ಅಲ್ಲಿ ಡೇಟಾ ವಿಷುಯಲೈಸೇಷನ್ ಎಂಬ ಪಾಠವಿದೆಯಂತೆ. ಅಂಕಿಅಂಶಗಳನ್ನು ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು, ಆಮೇಲೆ ಆ ಚಿತ್ರಕ್ಕೇ ಪರೀಕ್ಷೆ ಇಡುವುದು. “ನೆಟ್ಟಲ್ಲಿ ಸಿಗೋ ಡೇಟಾ ಎಲ್ಲಾರೂ ತರ್ತಾರಪ್ಪ, ತಾತನ ಬುಕ್ ಕೊಡು” ಅಂದಳು. ಕೊಟ್ಟೆ. ಅಪ್ಪ ಬರೆದದ್ದೆಲ್ಲ ಕನ್ನಡ ಅಂಕಿಯಲ್ಲಿ. ಇವಳಿಗೆ ೬ ಯಾವುದು, ೯ ಯಾವುದು ತಿಳಿಯದು. ಹಾಗಾಗಿ ಒಂದೊಂದೇ ದಿನದ ಮಾರಾಟವನ್ನು ಎಕ್ಸೆಲ್‌ಗೆ ತುಂಬುವ ಗುಮಾಸ್ತಿಕೆ ನನ್ನ ಪಾಲಿಗೆ ಬಂತು.

ಅಂಕಿ ತುಂಬಿದ ಮೇಲೆ ಕಂಪ್ಯೂಟರು ತೋರಿಸುವ ಉತ್ಸಾಹ ನೋಡಬೇಕು. ಕಂಬ ಬೇಕೇ, ಗೆರೆ ಬೇಕೇ, ಬಣ್ಣ ಸಾಕೇ ಎಂದು ಸೀರೆ ಅಂಗಡಿಯವನಂತೆ ಬಿಚ್ಚಿ ಬಿಚ್ಚಿ ಹರಡುತ್ತದೆ. ನನಗೆ ಹಿಡಿಸಿದ್ದು ಓರೆಯಾಗಿ ಮಲಗಿ ನೆರಳು ಚೆಲ್ಲುವ ತ್ರೀ-ಡಿ ಪೈ ಚಾರ್ಟು. ಗುಲಾಬಿ, ಕ್ರೋಟನ್, ದಾಸವಾಳ, ಸಪೋಟ ಒಂದೊಂದಕ್ಕೂ ಒಂದು ಹೋಳು. ಮಗಳು ಮುಖ ಸಿಂಡರಿಸಿದಳು. ಓರೆಯಾಗಿಟ್ಟರೆ ಮುಂದಿನ ಹೋಳು ಇರುವುದಕ್ಕಿಂತ ದಪ್ಪ ಕಾಣುತ್ತದೆ, ಅದು ಸುಳ್ಳು ಎಂದಳು. ಸುಳ್ಳೇ ಇರಬಹುದು, ಲಕ್ಷಣವಾಗಿತ್ತು.

ಈ ಚಿತ್ರಗಳ ಮೂಲಪುರುಷ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು. 1786ರಲ್ಲಿ ಅವನು ದೇಶದೇಶಗಳ ವ್ಯಾಪಾರವನ್ನು ಗೆರೆ ಎಳೆದು ತೋರಿಸಿದ ಅಟ್ಲಾಸ್ ಒಂದನ್ನು ತಂದ. ಇಂಗ್ಲೆಂಡಿನದು ವರ್ಷವರ್ಷದ ಲೆಕ್ಕ ಸಿಕ್ಕಿತ್ತು, ಗೆರೆ ಸಲೀಸಾಗಿ ಹರಿಯಿತು. ತನ್ನ ಸ್ಕಾಟ್ಲೆಂಡಿನದು ಸಿಕ್ಕಿದ್ದು ಒಂದೇ ವರ್ಷದ್ದು. ಒಂದು ವರ್ಷದಲ್ಲಿ ಗೆರೆ ಎಲ್ಲಿಂದ ಎಲ್ಲಿಗೆ ಎಳೆಯುವುದು? ಒಲ್ಲದ ಮನಸ್ಸಿನಿಂದ ಒಂದೊಂದು ದೇಶಕ್ಕೂ ಉದ್ದುದ್ದ ಪಟ್ಟಿ ಹಾಕಿದ. ಇವತ್ತು ಪ್ರತಿ ಆಫೀಸಿನ ಮೀಟಿಂಗಿನಲ್ಲೂ ನಿಲ್ಲುವ ಬಾರ್ ಚಾರ್ಟು ಹುಟ್ಟಿದ್ದು ಹೀಗೆ, ಲೆಕ್ಕ ಸಿಗದೆ! ನನ್ನ ಪ್ರೀತಿಯ ಪೈ ಕೂಡ ಅವನದೇ, 1801ರದು.

ಚಿತ್ರ ಬರೆದರಾಯಿತೇ, ಅದು ಓದುವವನಿಗೆ ದಕ್ಕಬೇಡವೇ? 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದುಕೊಂಡು ಜನರನ್ನೇ ಕೂರಿಸಿ ಪರೀಕ್ಷಿಸಿದರು. ಒಂದೇ ಅಳತೆಪಟ್ಟಿಯ ಮೇಲೆ ಯಾವುದು ಎಷ್ಟು ಎತ್ತರದಲ್ಲಿದೆ ಎಂಬುದನ್ನು ನಮ್ಮ ಕಣ್ಣು ಚೆನ್ನಾಗಿ ಅಳೆಯುತ್ತದೆ, ಕೋನ ಅಳೆಯಲು ತಡವರಿಸುತ್ತದೆ ಎಂದು ಕಂಡಿತು. ಬಣ್ಣದ ಗಾಢತೆಯನ್ನಂತೂ ಅವರು ತಮ್ಮ ಪಟ್ಟಿಯ ಕೊನೆಗೆ ತಳ್ಳಿದ್ದರು. ಮಗಳೂ ಅದೇ ದಾರಿ ಹಿಡಿದಳು. “ಚೆನ್ನಾಗಿದೆ ಅನ್ನೋದು ಉತ್ತರ ಅಲ್ಲ. ಪ್ರಶ್ನೆ ಕೇಳ್ಬೇಕು, ಎಷ್ಟು ಹೊತ್ತಿಗೆ ಹೇಳಿದ್ರು, ಸರಿ ಹೇಳಿದ್ರಾ ಬರ್ಕೋಬೇಕು” ಎಂದು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ ನಮ್ಮಮ್ಮನ ಮುಂದೆ ಕೂತಳು.

“ಅಜ್ಜೀ, ಗುಲಾಬಿ ಜಾಸ್ತಿ ಹೋಗಿದ್ಯೋ, ಕ್ರೋಟನ್ನೋ?”

“ಗುಲಾಬಿ ಅಲ್ದೆ ಇನ್ನೇನೇ?” ಅಮ್ಮ ಬಿಡಿಸುತ್ತಿದ್ದ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

ಉತ್ತರ ಸರಿ, ವೇಗ ಅದ್ಭುತ. ಆದರೆ ಚಿತ್ರ ನೋಡೇ ಇಲ್ಲವಲ್ಲ! ಮೊದಲೇ ಗೊತ್ತಿರುವವರನ್ನು ಪರೀಕ್ಷೆಗೆ ಕೂರಿಸಬಾರದು ಎಂದು ಮಗಳು ಬರೆದುಕೊಂಡಳು. ಆ ಹೊತ್ತಿಗೆ ಗೇಟಿನ ಹತ್ತಿರ ಬಂದ ಸೊಪ್ಪಿನವರು ಕಂಬದ ಚಿತ್ರವನ್ನು ಥಟ್ಟನೆ ಓದಿದರು. ಪೈ ಮುಂದೆ ತಲೆ ಕೆರೆದುಕೊಂಡರು. ನಾನು ತೆಪ್ಪಗಾದೆ.

ವರ್ಷದ ಏರಿಳಿತಕ್ಕೆ ಗೆರೆಯ ಚಿತ್ರವೇ ಸರಿ ಎಂದಾಯಿತು. ಜನವರಿಯ ಗಣರಾಜ್ಯೋತ್ಸವ, ಆಗಸ್ಟಿನ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ಎರಡು ಗೋಪುರದ ಹಾಗೆ ಎದ್ದು ನಿಂತವು. ನಡುವೆ ಮಾತ್ರ ಒಂದು ತೊಡಕು. ಎಪ್ಪತ್ತರ ದಶಕದ ಕೊನೆಯ ಪುಸ್ತಕವೊಂದರಲ್ಲಿ ಅಪ್ಪ ಅಲ್ಲಲ್ಲಿ ತಾರೀಕು ಹಾಕಿ, ಮುಂದೆ ಏನೂ ಬರೆಯದೆ ಬಿಟ್ಟಿದ್ದರು. ಖಾಲಿ ಮನೆ ಸಿಕ್ಕರೆ ಎಕ್ಸೆಲ್ ಮೂರು ದಾರಿ ತೋರಿಸುತ್ತದೆ: ಗೆರೆ ತುಂಡು ಮಾಡಬಹುದು, ಸೊನ್ನೆ ಎಂದುಕೊಳ್ಳಬಹುದು, ಇಲ್ಲವೇ ಏನೂ ಆಗಿಲ್ಲವೆಂಬಂತೆ ಹಿಂದಿನ ಮುಂದಿನ ದಿನಗಳನ್ನು ನೇರ ಗೆರೆಯಲ್ಲಿ ಜೋಡಿಸಬಹುದು. ನಾನು ಜೋಡಿಸೋಣ ಅಂದೆ. ಸಂಸಾರಗಳೆಲ್ಲ ನಡೆಯುವುದೇ ಹಾಗೆ. ಮಗಳು ಒಪ್ಪಲಿಲ್ಲ. ಗೆರೆ ಅಳಿಸಿ, ಕ್ಯಾಲೆಂಡರಿನಂತೆ ವಾರದ ಏಳು ದಿನಕ್ಕೆ ಏಳು ಸಾಲು ಮಾಡಿ, ಮಾರಾಟ ಹೆಚ್ಚಿದ್ದಲ್ಲಿ ಕಡು ಹಸಿರು, ಕಡಿಮೆಯಿದ್ದಲ್ಲಿ ತಿಳಿ ಹಸಿರು ತುಂಬಿದಳು. ಬಣ್ಣವನ್ನು ಆ ಬೆಲ್ ಲ್ಯಾಬ್ಸಿನವರು ಕೊನೆಗೆ ತಳ್ಳಿದ್ದರು, ನಿಜ. ಅದು ಎಷ್ಟು ಎಂದು ಅಳೆಯುವ ಮಾತಿಗೆ. ಎಲ್ಲಿ ಎಂದು ಹುಡುಕುವವರಿಗೆ ಬಣ್ಣವೇ ಬೇಕು. ಖಾಲಿ ಮನೆಗಳೆಲ್ಲ ಒಂದೇ ಸಾಲಿನಲ್ಲಿ ಬಿಳುಚಿಕೊಂಡು ಕೂತಿದ್ದವು. ಅಷ್ಟೂ ಬುಧವಾರ. ನಾನು ಹುಟ್ಟಿದ ತಿಂಗಳಿಂದಾಚೆ ಒಂದೂ ಇಲ್ಲ.

“ಬುಧವಾರ ಏನಮ್ಮ?” ಅಂದೆ.

ಅಮ್ಮ ಕನ್ನಡಕ ತರಿಸಿಕೊಂಡರು. ಪರೀಕ್ಷೆಯಲ್ಲಿ ಅವರು ಚಿತ್ರವೊಂದನ್ನು ನಿಜವಾಗಿ ನೋಡಿದ್ದು ಆಗಲೇ. “ಬುಧವಾರ ಮಾವನೋರು ಪಾಟರಿ ಟೌನಿಗೆ ಕುಂಡ ತರಕ್ಕೆ ಹೋಗೋರು. ಬರೋ ಹೊತ್ತಿಗೆ ಸಂಜೆ ಆಗೋದು.”

“ಅದಕ್ಕೆ?”

“ಅದಕ್ಕೇನು, ಊರ್ವಶೀಲಿ ಮ್ಯಾಟಿನಿ ಇರ್ತಿತ್ತು.”

ಲಾಲ್‌ಬಾಗಿನ ಆ ಕಡೆಯ ಊರ್ವಶಿ ಟಾಕೀಸಿಗೆ ಅಪ್ಪ ಹೆಂಡತಿಯನ್ನು ಕರೆದುಕೊಂಡು, ನರ್ಸರಿಗೆ ಬೀಗ ಹಾಕಿ ಹೋಗುತ್ತಿದ್ದರು. ಜೀವಮಾನದಲ್ಲಿ ನನ್ನನ್ನು ಒಂದು ಸಿನಿಮಾಕ್ಕೂ ಕರೆದೊಯ್ಯದ ಅಪ್ಪ! ಲೆಕ್ಕದಲ್ಲಿ ಸೊನ್ನೆ ಬರೆದಿದ್ದರೆ ಯಾಕೆ ವ್ಯಾಪಾರವಾಗಲಿಲ್ಲ ಎಂದು ತಾತ ಕೇಳುತ್ತಿದ್ದರು. ಖಾಲಿ ಬಿಟ್ಟರೆ ಬರೆಯಲು ಮರೆತನೆಂದು ಎರಡು ಬೈಗುಳ, ಅಷ್ಟಕ್ಕೇ ಮುಗಿಯಿತು. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ಅಪ್ಪನಿಗೆ ಯಾವ ಕಾಲೇಜೂ ಕಲಿಸಬೇಕಾಗಿರಲಿಲ್ಲ.

“ಹಾಗಾದ್ರೆ ಸೇಲ್ಸ್ ಜೀರೋ ಅಂತ ಹಾಕ್ಬಹುದು” ಅಂದಳು ಮಗಳು.

“ಸೊನ್ನೆ ಹೆಂಗಾಗುತ್ತೆ? ಎರಡು ಬಾಲ್ಕನಿ ಟಿಕೆಟ್ಟು, ಇಂಟರ್ವಲ್ಲಲ್ಲಿ ಕೋನ್ ಐಸು. ಮೈನಸ್ಸು ಹಾಕು.” ಯಾವ ಸಿನಿಮಾ ಎಂದು ಕೇಳಿದರೆ ಒಂದೂ ನೆನಪಿಲ್ಲವಂತೆ.

ಮಗಳು ಬಿಳಿ ಮನೆಗಳಿಗೆಲ್ಲ ಗುಲಾಬಿ ಬಣ್ಣ ತುಂಬಿದಳು. ಚಿತ್ರದ ಕೆಳಗೆ ಬಣ್ಣಗಳ ಅರ್ಥ ಬರೆಯುವ ಜಾಗದಲ್ಲಿ ಕರ್ಸರ್ ಇಟ್ಟು, “ಇದಕ್ಕೆ ಏನಂತ ಬರೀಲಿ ಅಜ್ಜಿ?” ಎಂದಳು.

“ಏನೂ ಬರೀಬೇಡ” ಅಂದರು ಅಮ್ಮ, ಗಾಬರಿಯಿಂದ ಬಾಗಿಲ ಕಡೆ ನೋಡುತ್ತಾ. “ಮಾವನೋರು ನೋಡಿದ್ರೆ ಏನಂದ್ಕೋತಾರೆ?”

ತಾತ ತೀರಿಕೊಂಡು ಮೂವತ್ತು ವರ್ಷದ ಮೇಲಾಯಿತು. ಮಗಳು ಏನೂ ಬರೆಯಲಿಲ್ಲ. ಬಣ್ಣದ ಅರ್ಥ ಕೊಟ್ಟಿಲ್ಲವೆಂದು ಕಾಲೇಜಿನಲ್ಲಿ ಎರಡು ಅಂಕ ಕಳೆದರಂತೆ.