ಮೊದಲನೇ ಟೈಲ್ ಎಲ್ಲಿ? (ಭಾಗ 4)

ನಿಮ್ಮ ರೆಂಡರ್‌ನಲ್ಲಿ ಟೈಲ್ಸ್ ಯಾಕೋ ಸುಳ್ಳು ಅನ್ಸುತ್ತಾ? ನಂದೂ ಹಾಗೇ ಇತ್ತು. ಕಳೆದ ಜ್ಯೂರಿಯಲ್ಲಿ ನನ್ನ ಬಾತ್‌ರೂಮ್ ನೋಡಿ ಮೇಡಮ್ ಕೇಳಿದ್ದು ಒಂದೇ ಪ್ರಶ್ನೆ: "ಮೇಸ್ತ್ರಿ ಮೊದಲನೇ ಟೈಲ್ ಎಲ್ಲಿ ಇಡ್ಬೇಕು?" ನನ್ನ ಹತ್ರ ಉತ್ತರ ಇರ್ಲಿಲ್ಲ. ಸ್ಕೆಚ್‌ಅಪ್‌ನಲ್ಲಿ ಪೇಂಟ್ ಬಕೆಟ್ ಒತ್ತಿದ್ದೆ, ಟೈಲ್ಸ್ ಬಿದ್ದ ಕಡೆ ಬಿದ್ದಿದ್ವು. ಬಾಗಿಲ ಎದುರಿಗೇ ಎರಡು ಬೆರಳಗಲದ ಚೂರು!

ಆ ರಾತ್ರಿ ಮತ್ತೆ ಕೂತೆ. ರೂಮಿನ ಅಗಲ 1500 ಮಿ.ಮೀ., ಟೈಲ್ 600, ಗ್ರೌಟ್ ಸಂದು 3. ಗೋಡೆಯಿಂದ ಹೊರಟರೆ ಎರಡು ಪೂರ್ತಿ, ಕೊನೆಗೆ 294ರ ಕಟ್ ಪೀಸ್. ಅದೇ ಒಂದು ಟೈಲನ್ನು ನಟ್ಟನಡುವೆ ಇಟ್ಟರೆ ಎರಡೂ ಬದಿಗೆ 447. ಕಣ್ಣಿಗೆ ಹಿತ. ನೆಲದ ಮೇಲೆ ರೈಟ್ ಕ್ಲಿಕ್, ಟೆಕ್ಸ್ಚರ್, ಪೊಸಿಷನ್. ಕೆಂಪು ಪಿನ್ ಎಳೆದರೆ ಇಡೀ ವಿನ್ಯಾಸ ಜರುಗುತ್ತೆ.

ಹಾಂ, ಒಂದೇ ಟೈಲ್‌ನ ಫೋಟೋ ಹಾಕ್ಬೇಡಿ, ಅದೇ ಗೆರೆ ಎಲ್ಲ ಕಡೆ ಕಾಣುತ್ತೆ. ಬೇರೆ ಬೇರೆ ಗೆರೆಯ 16 ಟೈಲ್‌ಗಳನ್ನು ನಾಲ್ಕು ಸಾಲಲ್ಲಿ, ಸಂದು ಸಮೇತ ಒಂದೇ ಚಿತ್ರ ಮಾಡಿ, ಅಳತೆ 2412 ಕೊಡಿ. ಸಂದಿಗೆ ಅಚ್ಚ ಬಿಳಿ ಬೇಡ. ಯಾರ ಮನೆ ಬಾತ್‌ರೂಮಲ್ಲಿ ಬಿಳಿಯಾಗೇ ಉಳಿದಿದೆ ಹೇಳಿ?

ನೆಲಕ್ಕೆ ಇಳಿಜಾರು ಇನ್ನೂ ಕೊಟ್ಟಿಲ್ಲ. ನೀರು ನಹಾನಿ ಟ್ರ್ಯಾಪ್ ಕಡೆ ಹೇಗೆ ಹೋಗುತ್ತೆ ಅಂತ ಸೋಮವಾರ ಮೇಡಮ್ ಕೇಳೋದು ಗ್ಯಾರಂಟಿ.