ಮೊದಲ ಹುಡುಗನ ಊರು

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್. ಅಲ್ಲಿಂದ ಪೂರ್ವದ ಹೆದ್ದಾರಿ ಹಿಡಿದು ಸುಮಾರು 70 ಕಿಲೋಮೀಟರ್ ಸಾಗಿದರೆ ಫಾರೆಸ್ಟ್ ಎಂಬ ಊರು ಸಿಗುತ್ತದೆ. ಹೆಸರೇ ಕಾಡು, ಸುತ್ತ ಇರುವುದೂ ಪೈನ್ ಮರಗಳ ಕಾಡೇ. ಸ್ಕಾಟ್ ಕೌಂಟಿಗೆ ಇದು ಆಡಳಿತ ಕೇಂದ್ರ. ಜನಸಂಖ್ಯೆ ಐದೂವರೆ ಸಾವಿರದ ಆಸುಪಾಸು. ಒಂದು ನ್ಯಾಯಾಲಯ, ರೈಲು ಹಳಿ, ಚರ್ಚುಗಳು, ಬ್ಯಾಂಕು, ಊರಿನ ಅಂಚಿಗೆ ಕೋಳಿ ಮಾಂಸದ ಕಾರ್ಖಾನೆಗಳು. ನೋಡಲೇಬೇಕಾದ ಸ್ಥಳಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ.

ಆದರೆ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಫಾರೆಸ್ಟ್‌ಗೆ ಗಟ್ಟಿಯಾದ ಸ್ಥಾನವಿದೆ. ಆಟಿಸಂ, ಅಂದರೆ ಸ್ವಲೀನತೆಯನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು ಜಗತ್ತಿಗೆ ಪರಿಚಯಿಸಿದ 1943ರ ಪ್ರಬಂಧದಲ್ಲಿ ‘ಒಂದನೆಯ ಪ್ರಕರಣ’ವಾಗಿ ದಾಖಲಾದ ಹುಡುಗ ಈ ಊರಿನವನು. ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಹುಟ್ಟಿದ್ದು 1933ರಲ್ಲಿ. ತಂದೆ ವಕೀಲರು, ತಾಯಿಯ ತವರಿನವರು ಊರಿನ ಬ್ಯಾಂಕಿನ ಒಡೆಯರು.

ಎರಡು ವರ್ಷ ತುಂಬಿ ಸ್ವಲ್ಪ ಕಾಲವಾಗುವಷ್ಟರಲ್ಲೇ ಬೈಬಲಿನ ಕೀರ್ತನೆಯೊಂದನ್ನು ಈ ಮಗು ಬಾಯಿಪಾಠ ಒಪ್ಪಿಸುತ್ತಿತ್ತು. ಆದರೆ ಅಮ್ಮ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಅಪ್ಪ ಮನೆಗೆ ಬಂದರೂ ಹೋದರೂ ಒಂದೇ. ಸಿಕ್ಕಿದ್ದನ್ನೆಲ್ಲ ಬುಗುರಿಯಂತೆ ತಿರುಗಿಸುತ್ತ ಗಂಟೆಗಟ್ಟಲೆ ಕೂರುವುದೇ ಅದಕ್ಕೆ ಸಂತೋಷ. ವೈದ್ಯರ ಸಲಹೆಯಂತೆ 1937ರಲ್ಲಿ, ಇನ್ನೂ ನಾಲ್ಕು ತುಂಬದ ಮಗುವನ್ನು ದೂರದ ಒಂದು ಸಂಸ್ಥೆಗೆ ಸೇರಿಸಲಾಯಿತು. ಅದು ಕ್ಷಯರೋಗ ತಗಲುವ ಭಯವಿದ್ದ ಮಕ್ಕಳಿಗಾಗಿ ಕಟ್ಟಿದ್ದ ಜಾಗ. ಅಲ್ಲಿ ಹುಡುಗ ಇನ್ನಷ್ಟು ಮುದುಡಿಹೋದ. ಒಂದು ವರ್ಷ ಕಳೆದ ಮೇಲೆ ಹೆತ್ತವರಿಗೆ ತಡೆಯಲಾಗಲಿಲ್ಲ. ಬಿಟ್ಟುಬಿಡಿ ಎಂದ ವೈದ್ಯರ ಮಾತನ್ನು ಮೀರಿ ಮಗನನ್ನು ಮನೆಗೆ ಕರೆತಂದರು.

ಅದೇ 1938ರಲ್ಲಿ ತಂದೆ ಮಗನ ಬಗ್ಗೆ 33 ಪುಟಗಳ ಪತ್ರವೊಂದನ್ನು ಟೈಪು ಮಾಡಿಸಿ ಬಾಲ್ಟಿಮೋರ್‌ಗೆ ಕಳುಹಿಸಿದರು. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರಿದ್ದರು. ಪತ್ರ ಓದಿ ಬೆರಗಾದ ಕ್ಯಾನರ್ ಹುಡುಗನನ್ನು ನೋಡಿದರು. ಯಾವ ಪಠ್ಯಪುಸ್ತಕದ ಹೆಸರೂ ಅವನಿಗೆ ಹೊಂದಲಿಲ್ಲ. ಬರುಬರುತ್ತ ಅಂಥದೇ ಲಕ್ಷಣಗಳ ಬೇರೆ ಮಕ್ಕಳೂ ಅವರ ಬಳಿ ಬಂದರು. ಐದು ವರ್ಷಗಳ ಬಳಿಕ ಹನ್ನೊಂದು ಮಕ್ಕಳ ವಿವರವುಳ್ಳ ಪ್ರಬಂಧ ಪ್ರಕಟವಾಯಿತು. ಒಬ್ಬ ತಂದೆಯ ಪತ್ರ ಅದರ ಮೊದಲ ಕಚ್ಚಾ ಸಾಮಗ್ರಿ ಎಂದರೆ ತಪ್ಪಿಲ್ಲ.

ಫಾರೆಸ್ಟ್‌ನ ಕಥೆಯಲ್ಲಿ ಹೆಚ್ಚು ಸ್ವಾರಸ್ಯವಿರುವುದು ಪ್ರಬಂಧದ ನಂತರದ ಭಾಗದಲ್ಲಿ. ಡೊನಾಲ್ಡ್‌ಗೆ ಸುಮಾರು ಒಂಬತ್ತು ವರ್ಷವಾದಾಗ ಅವನನ್ನು ಊರಿನಿಂದ 16 ಕಿಲೋಮೀಟರ್ ದೂರದ ಒಂದು ಹೊಲಮನೆಯಲ್ಲಿ ಬಿಟ್ಟರು. ಅಲ್ಲಿ ಮಕ್ಕಳಿಲ್ಲದ ಒಬ್ಬ ರೈತ ದಂಪತಿ. ಮನೋವಿಜ್ಞಾನ ಓದಿದವರಲ್ಲ. ಹುಡುಗನಿಗೆ ಅಳತೆಯ ಹುಚ್ಚು. ಅವನ ಕೈಯಲ್ಲಿ ಬಾವಿ ತೋಡಿಸಿ, ಎಷ್ಟು ಆಳವಾಯಿತೆಂದು ಅಳೆದು ಹೇಳು ಎಂದರು. ಸತ್ತ ಹಕ್ಕಿ, ಹುಳುಗಳನ್ನು ಕೂಡಿಡುತ್ತಿದ್ದ. ಅವುಗಳನ್ನು ಹೂಳಲು ಒಂದು ಮೂಲೆ ಕೊಟ್ಟು ಪ್ರತಿಯೊಂದಕ್ಕೂ ಗುರುತು ನೆಡಿಸಿದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಉಳುತ್ತಲೇ ಎಣಿಸು ಎಂದು ನೇಗಿಲು ಕೊಟ್ಟರು. 1945ರಲ್ಲಿ ಖುದ್ದಾಗಿ ಅಲ್ಲಿಗೆ ಹೋದ ಕ್ಯಾನರ್, ಹುಡುಗ ಕುದುರೆ ಕಟ್ಟಿ ಆರು ಉದ್ದನೆಯ ಸಾಲು ಉತ್ತದ್ದನ್ನೂ, ಸಾಲಿನ ತುದಿಯಲ್ಲಿ ಕುದುರೆಯನ್ನು ಸಲೀಸಾಗಿ ತಿರುಗಿಸಿದ್ದನ್ನೂ ಕಂಡು ಬರೆದಿಟ್ಟಿದ್ದಾರೆ. ಹುಡುಗನ ಚಟವನ್ನು ಬಿಡಿಸಲು ಹೊರಡದೆ ಅದನ್ನೇ ಕೆಲಸಕ್ಕೆ ಹಚ್ಚಿದ್ದು ಆ ದಂಪತಿಯ ಜಾಣತನ. ಇಂದು ವಿಶೇಷ ಶಿಕ್ಷಣದ ತರಬೇತಿಯಲ್ಲಿ ಕಲಿಸುವ ಪಾಠವೂ ಇದೇ.

ಮುಂದೆ ಊರಿನ ಹೈಸ್ಕೂಲು; 1958ರಲ್ಲಿ ಜಾಕ್ಸನ್‌ನ ಮಿಲ್‌ಸ್ಯಾಪ್ಸ್ ಕಾಲೇಜಿನಿಂದ ಪದವಿ; ಆಮೇಲೆ ಕುಟುಂಬದ ಬ್ಯಾಂಕಿನಲ್ಲೇ ಕೆಲಸ. ಶಾಲಾ ದಿನಗಳ ಒಂದು ಪ್ರಸಂಗವನ್ನು ಊರವರು ವರ್ಷಗಟ್ಟಲೆ ಹೇಳಿಕೊಂಡು ಬಂದರು. ಶಾಲೆಯ ಗೋಡೆಯಲ್ಲಿ ಎಷ್ಟು ಇಟ್ಟಿಗೆಗಳಿವೆ ಎಂದು ಹುಡುಗರು ಕೇಳಿದಾಗ ಡೊನಾಲ್ಡ್ ಕಣ್ಣು ಹಾಯಿಸಿದ್ದೇ ತಡ ಸಂಖ್ಯೆ ಹೇಳಿಬಿಟ್ಟನಂತೆ. ಎಷ್ಟೋ ದಶಕಗಳ ನಂತರ ಪತ್ರಕರ್ತರು ಈ ಬಗ್ಗೆ ವಿಚಾರಿಸಿದರು. ಸಂಖ್ಯೆ ಬಾಯಿಗೆ ಬಂದದ್ದು, ಆ ಹುಡುಗರು ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳಲಿ ಎಂಬ ಆಸೆಯಿಂದ ಹಾಗೆ ಹೇಳಿದೆ ಎಂದು ಮುದುಕರಾಗಿದ್ದ ಡೊನಾಲ್ಡ್ ಉತ್ತರಿಸಿದರು. ತನ್ನೊಳಗೇ ಮುಳುಗಿರುವವನಿಗೆ ಪರರ ಪರಿವೆಯೇ ಇಲ್ಲವೆಂದು ನಂಬಿದ್ದವರೆಲ್ಲ ಗಮನಿಸಬೇಕಾದ ಮಾತಿದು.

ಡೊನಾಲ್ಡ್ ಮದುವೆಯಾಗಲಿಲ್ಲ. 27ನೆಯ ವಯಸ್ಸಿನಲ್ಲಿ ಕಾರು ಓಡಿಸಲು ಕಲಿತರು. ತಂದೆ 1980ರಲ್ಲೂ ತಾಯಿ 1985ರಲ್ಲೂ ತೀರಿಕೊಂಡ ಮೇಲೆ, ತಾವು ಬೆಳೆದ ಮನೆಯಲ್ಲೇ ಒಬ್ಬರೇ ಇದ್ದರು. ಬೆಳಗ್ಗೆ ಗೆಳೆಯರ ಜೊತೆ ಕಾಫಿ, ಒಂದು ಸುತ್ತು ನಡಿಗೆ, ಟಿ.ವಿ.ಯಲ್ಲಿ ಹಳೆಯ ಧಾರಾವಾಹಿ, ಸಂಜೆ ಗಾಲ್ಫ್. ಪರಿಚಯದವರಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದರು, ಅದನ್ನು ಮರೆಯುತ್ತಿರಲಿಲ್ಲ. ಚಿತ್ರಗಳಲ್ಲಿ ಕಂಡ ಊರುಗಳನ್ನು ಕಣ್ಣಾರೆ ಕಂಡು ಫೋಟೋ ತೆಗೆದುಕೊಳ್ಳಲು ಸುಮಾರು 36 ದೇಶಗಳನ್ನು ಸುತ್ತಿದರು. ಇಸ್ತಾಂಬುಲ್‌ಗೆ ಐದು ಸಲ, ಹವಾಯಿಗೆ 17 ಸಲ. ಪ್ರತಿ ಬಾರಿಯೂ ಕೆಲವೇ ದಿನಗಳಲ್ಲಿ ಫಾರೆಸ್ಟ್‌ಗೆ ವಾಪಸು. ಜಾನ್ ಡಾನ್ವನ್ ಮತ್ತು ಕ್ಯಾರೆನ್ ಜುಕರ್ ಎಂಬ ಪತ್ರಕರ್ತರು ಅವರನ್ನು ಹುಡುಕಿಕೊಂಡು ಬಂದು 2010ರಲ್ಲಿ ಲೇಖನ ಬರೆದರು. ಆಗ ಊರಿನ ಹಲವರು, ಅವರಿಗೇನಾದರೂ ನೋವಾದರೆ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂಬ ಅರ್ಥದ ಎಚ್ಚರಿಕೆಯನ್ನು ಬೇರೆ ಬೇರೆಯಾಗಿಯೇ ಕೊಟ್ಟರಂತೆ.

ಹಾಗೆಂದು ಫಾರೆಸ್ಟ್ ಅನ್ನು ಸ್ವರ್ಗವೆಂದು ಬಣ್ಣಿಸಬೇಕಿಲ್ಲ. ಬಿಳಿಯ ಬಣ್ಣ, ಬ್ಯಾಂಕು, ಮನೆತನದ ಹೆಸರು ಡೊನಾಲ್ಡ್ ಬೆನ್ನಿಗಿದ್ದವು. 1953ರಲ್ಲಿ ಅವರು ಹೈಸ್ಕೂಲು ಮುಗಿಸಿದಾಗ ಮಿಸಿಸಿಪ್ಪಿಯ ಕಾನೂನೇ ಕಪ್ಪು ಮಕ್ಕಳನ್ನು ಬೇರೆ ಶಾಲೆಗೆ ಅಟ್ಟಿತ್ತು. ಕ್ಯಾನರ್ ನೋಡಿದ ಹನ್ನೊಂದು ಮಕ್ಕಳಿಗೂ ಇಂಥ ಬಾಳು ಸಿಗಲಿಲ್ಲ. 1971ರಲ್ಲಿ ಅವರು ಅದೇ ಮಕ್ಕಳ ಮುಂದಿನ ಬದುಕನ್ನು ಪತ್ತೆಹಚ್ಚಿ ಬರೆದರು. ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಪಾಲಾದವರು ಬಾಡಿಹೋಗಿದ್ದರು. ಅಂಥ ಸೇರ್ಪಡೆ ಜೀವಾವಧಿ ಶಿಕ್ಷೆಗೆ ಸಮ ಎಂಬುದು ಕ್ಯಾನರ್ ಅವರ ನಿರ್ಣಯ.

ಹೆತ್ತವರ ಪಾಡು ಇನ್ನೊಂದು ಬಗೆಯದು. ತಾಯಿಯ ಪ್ರೀತಿ ತಣ್ಣಗಾಗಿದ್ದರಿಂದಲೇ ಮಗು ಹೀಗಾಯಿತೆಂಬ ವಾದ ಅಮೆರಿಕದಲ್ಲಿ ಎರಡು ದಶಕ ಮೆರೆಯಿತು. ಆ ಮಾತಿಗೆ ಕ್ಯಾನರ್ ಅವರ ಬರಹಗಳೂ ಇಂಬು ಕೊಟ್ಟಿದ್ದವು. ಸ್ವತಃ ಇಂಥ ಮಗುವಿನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು, ಕಾರಣವಿರುವುದು ಮಿದುಳಿನ ಬೆಳವಣಿಗೆಯಲ್ಲಿ, ತಾಯಿಯಲ್ಲಲ್ಲ ಎಂದು ವಾದಿಸಿದರು. ಮರುವರ್ಷ ಪಾಲಕರೇ ಸೇರಿ ರಾಷ್ಟ್ರೀಯ ಸಂಘ ಕಟ್ಟಿದರು. 1969ರಲ್ಲಿ ಆ ಸಂಘದ ಸಭೆಯಲ್ಲಿ ನಿಂತು ಕ್ಯಾನರ್ ತಂದೆತಾಯಿಗಳನ್ನು ದೋಷಮುಕ್ತರೆಂದು ಸಾರಿದರು. ಅಂಗವಿಕಲ ಮಕ್ಕಳ ಪಾಲಕರೆಲ್ಲ ಹೋರಾಡಿದ ಮೇಲೆ, 1975ರಲ್ಲಿ ಅಂಥ ಪ್ರತಿ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆಯುವ ಕಾಯ್ದೆ ಬಂತು. ಅದರಲ್ಲಿ ಆಟಿಸಂ ಹೆಸರು ಸೇರಲು 1990 ಬರಬೇಕಾಯಿತು.

ಭಾರತದಲ್ಲೂ ದಾರಿ ಉದ್ದವೇ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ಕಾಯ್ದೆ 21 ವರ್ಗಗಳ ಪಟ್ಟಿಯಲ್ಲಿ ಸೇರಿಸಿತು. ನ್ಯಾಸದ ಕಾಯ್ದೆಯಂತೆ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಅಗತ್ಯವಿದ್ದವರಿಗೆ ಪಾಲಕರನ್ನು ನೇಮಿಸಬಹುದು. ‘ನಮ್ಮ ಕಾಲಾನಂತರ ಇವನಿಗೆ ಯಾರು?’ ಎಂಬುದು ಇಂಥ ಪ್ರತಿ ಮನೆಯಲ್ಲೂ ರಾತ್ರಿ ದೀಪ ಆರಿಸಿದ ಮೇಲೆ ಏಳುವ ಪ್ರಶ್ನೆ. ಅದಕ್ಕೆ ಕಾನೂನು ಕೊಟ್ಟ ಉತ್ತರ ಇದು.

ಫಾರೆಸ್ಟ್‌ನಲ್ಲಿ ಅದೇ ಪ್ರಶ್ನೆಗೆ ಸಿಕ್ಕ ಉತ್ತರದಲ್ಲಿ ಅರ್ಧ ಹಣ, ಅರ್ಧ ನೆರೆಹೊರೆ. ಮನೆಯವರು ಡೊನಾಲ್ಡ್ ಜೀವನಕ್ಕೆಂದು ನಿಧಿ ಇಟ್ಟಿದ್ದರು. ಹಣದ ಭಾಗವನ್ನು ಸರ್ಕಾರ ಯೋಜನೆಗಳ ಮೂಲಕ ಸ್ವಲ್ಪಮಟ್ಟಿಗಾದರೂ ತುಂಬಿಕೊಡಬಲ್ಲದು. ಉಳಿದರ್ಧವನ್ನು ತುಂಬಬೇಕಾದವರು ಬ್ಯಾಂಕಿನ ಸಹೋದ್ಯೋಗಿಗಳು, ಗಾಲ್ಫ್ ಮೈದಾನದ ಜೊತೆಗಾರರು, ಹೊಲಮನೆಯ ದಂಪತಿಯಂಥವರು. ತಾಯಿ ತೀರಿಕೊಂಡ ಮೇಲೆಯೂ 38 ವರ್ಷ, 2023ರ ಜೂನ್ 15ರಂದು ಕಣ್ಣು ಮುಚ್ಚುವವರೆಗೂ, ಡೊನಾಲ್ಡ್ ಟ್ರಿಪ್ಲೆಟ್ ಊರಿಗೆ ಪರಕೀಯರಾಗಲಿಲ್ಲ.