ಊನವಿಲ್ಲದ ಮರಿ

ನಮ್ಮ ಮನೆಯ ಆಡು ಮೊದಲ ಸಲ ಮರಿ ಹಾಕಿದಾಗ ನನಗೆ ಒಂಬತ್ತು ವರ್ಷ. ಹೋತಮರಿ. ಕಪ್ಪು ಮೈ, ಹಣೆಯ ಮೇಲೆ ಸುಣ್ಣದ ಬೆರಳು ಎಳೆದಂತೆ ಒಂದು ಬಿಳಿ ಗೆರೆ. ಅವ್ವ ಅದರ ಮೈ ಒರೆಸುತ್ತಲೇ, "ಇದು ಚೊಚ್ಚಲ ಮರಿ. ಸುಗ್ಗಿ ಹಬ್ಬಕ್ಕ ಚರ್ಚಿಗೆ ಕೊಡೂದು" ಅಂದಳು. ಕೊಡಬೇಕೆಂದು ಯಾವ ಪಾದ್ರಿಯೂ ಕೇಳಿರಲಿಲ್ಲ. ನಮ್ಮ ಸಭೆಯಲ್ಲಿ ಅಂಥ ಕಟ್ಟಳೆಯೂ ಇರಲಿಲ್ಲ. ಹಬ್ಬದ ದಿನ ಜನ ಜೋಳ, ಕುಂಬಳಕಾಯಿ, ಕೋಳಿ, ಮೊಟ್ಟೆ ತಂದು ಒಪ್ಪಿಸುತ್ತಿದ್ದರು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಮೊದಲನೆಯದು ದೇವರದು ಎಂಬುದು ಮಾತ್ರ ಅವ್ವನಿಗೆ ಎರಡೆರಡು ನಾಲ್ಕು ಅನ್ನುವಷ್ಟೇ ಸರಳ ಲೆಕ್ಕ.

ಆ ಲೆಕ್ಕ ಬಹಳ ಹಳೆಯದು. ಹೆರಿಗೆ, ಬಾಣಂತನಕ್ಕೆ ನಾವು ಬಳಸುವ 'ಚೊಚ್ಚಲು' ಎಂಬ ಮಾತನ್ನೇ ಕನ್ನಡ ಬೈಬಲ್ ಹೀಬ್ರೂವಿನ 'ಬೆಖೋರ್'ಗೆ ಹೊಂದಿಸಿಕೊಂಡಿದೆ. ಹೀಬ್ರೂವಿನಲ್ಲಿ ಇನ್ನೊಂದು ಮಾತೂ ಇದೆ, 'ಪೆಟೆರ್ ರೆಹೆಮ್', ಅಂದರೆ ಗರ್ಭವನ್ನು ತೆರೆದದ್ದು. ಪ್ರಾಚೀನ ಇಸ್ರೇಲಿನ ಜನ ಆಸ್ತಿ ಹಂಚುವಾಗ ತಂದೆಗೆ ಮೊದಲು ಹುಟ್ಟಿದ ಮಗ ಯಾರೆಂದು ನೋಡುತ್ತಿದ್ದರು. ದೇವರಿಗೆ ಒಪ್ಪಿಸುವಾಗ ನೋಡುತ್ತಿದ್ದದ್ದು ತಾಯಿಯ ಮೊದಲ ಹೆರಿಗೆಯನ್ನು. ಕೊಟ್ಟಿಗೆಯಲ್ಲಿ ತಂದೆಯ ಲೆಕ್ಕ ಇಡುವವರು ಯಾರು, ಹೇಳಿ.

ಮನೆಯಲ್ಲಿ ರಾತ್ರಿ ಪ್ರಾರ್ಥನೆಗೆ ಬೈಬಲ್ ಓದುವ ಕೆಲಸ ನನ್ನದು. ವಿಮೋಚನಕಾಂಡ ಕೊಡುವ ಕಾರಣ ಇದು: ಐಗುಪ್ತದ ಚೊಚ್ಚಲುಗಳೆಲ್ಲ ಒಂದೇ ರಾತ್ರಿ ಸತ್ತವು, ಇಸ್ರೇಲಿನವು ಉಳಿದವು. ಉಳಿಸಿದವನಿಗೆ ಅವು ಸೇರಬೇಕು. ಮನುಷ್ಯರ ಮಗುವಾದರೆ ಬಿಡಿಸಿಕೊಳ್ಳಬೇಕು; ಅದರ ಬೆಲೆ ಐದು ಶೆಕೆಲ್ ಬೆಳ್ಳಿ ಎಂದು ಅರಣ್ಯಕಾಂಡ ಹೇಳುತ್ತದೆ. ಕತ್ತೆಯ ಚೊಚ್ಚಲಿಗೆ ಬದಲಾಗಿ ಕುರಿಮರಿ ಕೊಡಬಹುದು. ಕೊಡದಿದ್ದರೆ ಕತ್ತೆಮರಿಯ ಕುತ್ತಿಗೆ ಮುರಿಯಬೇಕು. ಇದನ್ನು ಓದಿದ ದಿನ ನಾನು ತಡೆದು, "ಕತ್ತಿ ಏನ್ ತಪ್ಪು ಮಾಡಿತ್ತವ್ವಾ?" ಅಂತ ಕೇಳಿದ್ದೆ. "ಒಡ್ಯಾ ಜಿಪುಣ ಆದ್ರ ಪೆಟ್ಟು ಕತ್ತಿಗೇ. ಓದು ಮುಂದ" ಅಂದಳು ಅವ್ವ. ಯಾಜಕನ ಪಾಲನ್ನು ತಪ್ಪಿಸಿದವನು ತನ್ನದನ್ನೂ ಕಳೆದುಕೊಳ್ಳಲಿ ಎಂದು ತಾಲ್ಮುದ್ ಇದಕ್ಕೆ ಅರ್ಥ ಹೇಳಿದೆಯೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅವ್ವ ಅದಕ್ಕೆ ಸಾಕಷ್ಟು ಹತ್ತಿರ ಹೋಗಿದ್ದಳು.

ಹಸು, ಕುರಿ, ಆಡುಗಳಿಗೆ ಮಾತ್ರ ಬಿಡುಗಡೆ ಇಲ್ಲ. ಏಳು ದಿನ ಮರಿ ತಾಯಿಯ ಹತ್ತಿರ ಇರಲಿ, ಎಂಟನೆಯ ದಿನ ಕೊಡು. ರಕ್ತ ಬಲಿಪೀಠಕ್ಕೆ, ಕೊಬ್ಬು ಬೆಂಕಿಗೆ. ಮಾಂಸ ಯಾಜಕರದು ಎನ್ನುತ್ತದೆ ಅರಣ್ಯಕಾಂಡ; ಒಡೆಯನೇ ಮನೆಮಂದಿಯೊಡನೆ ದೇವರ ಸನ್ನಿಧಿಯಲ್ಲಿ ಉಣ್ಣಲಿ ಎನ್ನುತ್ತದೆ ಧರ್ಮೋಪದೇಶಕಾಂಡ. ಎರಡನ್ನೂ ಹೊಂದಿಸಲು ಪಂಡಿತರು ಬೆವರು ಹರಿಸಿದ್ದಾರೆ, ಹರಿಸಲಿ. ನನ್ನನ್ನು ಹಿಡಿದದ್ದು ಧರ್ಮೋಪದೇಶಕಾಂಡದ ಅದೇ ಅಧ್ಯಾಯದ ಬೇರೆ ಮಾತುಗಳು. ಚೊಚ್ಚಲ ಎತ್ತಿನಿಂದ ಕೆಲಸ ಮಾಡಿಸಬೇಡ. ಚೊಚ್ಚಲ ಕುರಿಯ ಉಣ್ಣೆ ಕತ್ತರಿಸಬೇಡ. ಕುಂಟೋ ಕುರುಡೋ ಬೇರೆ ಊನವೋ ಇದ್ದರೆ ಅದನ್ನು ಬಲಿ ಕೊಡಬೇಡ.

ಅಲ್ಲಿಗೆ ಪುಸ್ತಕ ಮುಚ್ಚಿದೆ. ಮುಂದಿನ ಸಾಲು ಓದಲಿಲ್ಲ.

ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಮರಿಯ ಹಿಂಗಾಲಿಗೆ ಸುತಳಿ ಸುತ್ತಿ ಬಿಗಿಯಾಗಿ ಗಂಟು ಹಾಕಿದೆ. ಅಷ್ಟರಲ್ಲಿ ಅದಕ್ಕೆ ಎರಡು ತಿಂಗಳು. ನಾನು ಹೋದರೆ ಸಾಕು, ಅಂಗಿಯ ತುದಿ ಬಾಯಿಗೆ ಹಾಕಿಕೊಂಡು ಜಗಿಯುತ್ತಿತ್ತು. ಆ ರಾತ್ರಿಯೂ ಜಗಿಯುತ್ತಲೇ ಇತ್ತು. ನಸುಕಿಗೆ ಎದ್ದು ಸುತಳಿ ಬಿಚ್ಚಿ ಕಿಸೆಗೆ ಹಾಕಿಕೊಂಡೆ. ಕಾಲು ಬಾತಿತ್ತು. ಮರಿ ಕುಂಟುತ್ತಿತ್ತು.

ಹರಾಜಿನ ಮಾತು ಆಮೇಲೆ. ಓದಿಗಾಗಿ ಊರು ಬಿಟ್ಟು ಹೋದ ವರ್ಷಗಳಲ್ಲಿ, ಕಾಲೇಜಿನ ಗ್ರಂಥಾಲಯದಲ್ಲಿ ಹರ್ಬರ್ಟ್ ಡ್ಯಾನ್ಬಿ 1933ರಲ್ಲಿ ಪ್ರಕಟಿಸಿದ ಮಿಶ್ನಾದ ಇಂಗ್ಲಿಷ್ ಅನುವಾದ ಸಿಕ್ಕಿತು. ಕ್ರಿ.ಶ. 200ರ ಸುಮಾರಿಗೆ ಒಂದುಗೂಡಿದ ಯಹೂದಿ ಕಟ್ಟಳೆಗಳ ಈ ಸಂಗ್ರಹದಲ್ಲಿ 'ಬೆಖೋರೋತ್', ಅಂದರೆ ಚೊಚ್ಚಲುಗಳು, ಎಂಬ ಒಂಬತ್ತು ಅಧ್ಯಾಯಗಳ ಭಾಗವೊಂದಿದೆ. ಯಾಕೆ ಅದನ್ನೇ ತೆರೆದೆ ಎಂದು ಬೇರೆ ಹೇಳಬೇಕಿಲ್ಲ.

ಮಿಶ್ನಾ ಒಂದುಗೂಡುವ ಹೊತ್ತಿಗೆ ಬಲಿಪೀಠವೇ ಇರಲಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದ್ದರು. ಆದರೆ ಆಡು ಕುರಿಗಳು ಮರಿ ಹಾಕುವುದನ್ನು ನಿಲ್ಲಿಸಲಿಲ್ಲ, ಚೊಚ್ಚಲಿನ ಪಾವಿತ್ರ್ಯವೂ ಹೋಗಲಿಲ್ಲ. ಕೊಡಲು ಜಾಗವಿಲ್ಲ, ಕೊಯ್ಯುವಂತಿಲ್ಲ, ದುಡಿಸುವಂತಿಲ್ಲ, ಉಣ್ಣೆ ತೆಗೆಯುವಂತಿಲ್ಲ. ಮೇವು ಹಾಕುತ್ತ ಕೂರಬೇಕು. ತಾನಾಗಿ ಊನ ಬಂದರೆ ಮಾತ್ರ ಅದನ್ನು ಮಾಮೂಲಿ ಮಾಂಸದಂತೆ ಕೊಯ್ದು ತಿನ್ನಬಹುದು. ಊನ ನಿಜವೋ ಅಲ್ಲವೋ ಎಂದು ಹೇಳಲು ಬಲ್ಲವರು ಬೇಕು. ಯಾವ್ನೆ ಎಂಬ ಊರಿನಲ್ಲಿ ಇಲಾ ಎಂಬ ಅಂಥ ಒಬ್ಬ ಪರೀಕ್ಷಕನಿದ್ದ. ಆಡು ಕುರಿಗೆ ನಾಲ್ಕು ಇಸ್ಸಾರ್, ದನಕ್ಕೆ ಆರು ಇಸ್ಸಾರ್ ಸಂಬಳ ತೆಗೆದುಕೊಳ್ಳಲು ಅವನಿಗೆ ಪಂಡಿತರ ಒಪ್ಪಿಗೆಯಿತ್ತು. ಊನ ಇದೆಯೆಂದರೂ ಅಷ್ಟೇ, ಇಲ್ಲವೆಂದರೂ ಅಷ್ಟೇ. ಮನುಷ್ಯನ ಕೈಯಿಂದ ಆಗಬಹುದಾದ ಊನಗಳ ವಿಷಯದಲ್ಲಿ, ಯಾಜಕರಾದ ಕುರುಬರ ಮಾತನ್ನು ನಂಬಬಾರದೆಂಬ ನಿಯಮವೂ ಇದೆ. ತಿನ್ನುವವರು ಅವರೇ ತಾನೆ.

ಐದನೆಯ ಅಧ್ಯಾಯದಲ್ಲಿ ಒಂದು ಟಗರು ಬರುತ್ತದೆ. ಮುದಿ ಟಗರು, ಕೂದಲು ಉದ್ದಕ್ಕೆ ಇಳಿಬಿದ್ದಿದೆ. ರೋಮನ್ ಅಧಿಕಾರಿಯೊಬ್ಬ ನೋಡಿ, ಇದೇನು ಹೀಗೆ ಎಂದು ಕೇಳಿದ. ಚೊಚ್ಚಲು, ಊನವಿಲ್ಲದೆ ಕೊಯ್ಯುವಂತಿಲ್ಲ ಎಂದರು. ಅವನು ಕತ್ತಿ ತೆಗೆದು ಅದರ ಕಿವಿ ಸೀಳಿದ. ಪಂಡಿತರ ಮುಂದೆ ವಿಷಯ ಹೋಯಿತು, ಕೊಯ್ಯಬಹುದು ಎಂದರು. ಒಪ್ಪಿದರಲ್ಲಾ ಎಂದು ಅವನು ಹೋಗಿ ಇನ್ನಷ್ಟು ಚೊಚ್ಚಲುಗಳ ಕಿವಿ ಸೀಳಿದ. ಅವನ್ನು ಕೂಡದು ಎಂದರು. ಅದರ ಬೆನ್ನಿಗೇ ಮಕ್ಕಳ ಕಥೆ: ಹೊಲದಲ್ಲಿ ಆಡುತ್ತ ಕುರಿಮರಿಗಳ ಬಾಲಗಳನ್ನು ಒಂದಕ್ಕೊಂದು ಕಟ್ಟಿದರು. ಒಂದರ ಬಾಲ ಕಿತ್ತುಬಂತು, ಅದು ಚೊಚ್ಚಲಾಗಿತ್ತು. ಪಂಡಿತರು ಒಪ್ಪಿದರು. ಮಕ್ಕಳು ಹೋಗಿ ಬೇರೆ ಚೊಚ್ಚಲುಗಳ ಬಾಲ ಕಟ್ಟಿದರು. ಆಗ ಕೂಡದು ಎಂದರು. ಗಾಯ ಎರಡು ಸಲವೂ ಅದೇ. ಎರಡನೆಯ ಸಲ ಕಟ್ಟಿದ ಕೈಗೆ ಏನು ಬೇಕೆಂದು ಗೊತ್ತಿತ್ತು.

ಗ್ರಂಥಾಲಯದ ಬೆಂಚಿನ ಮೇಲೆ ನನ್ನ ಕಿವಿ ಬಿಸಿಯಾಯಿತು. ಆದರೆ ಹೆಚ್ಚು ಹೊತ್ತು ಕಾಡಿದ್ದು ಈ ಮಕ್ಕಳಲ್ಲ, ಆ ಟಗರು. ಅದು ಅಷ್ಟು ಮುದಿಯಾಗಿದ್ದು ಹೇಗೆ? ಮೈಯಲ್ಲಿ ಒಂದೂ ಊನ ಇಲ್ಲದ್ದರಿಂದ. ಅಷ್ಟು ವರ್ಷ ಅದನ್ನು ಕಾದದ್ದು ಅದೇ. ಕಿವಿ ಸೀಳಿದ ದಿನ ಅದಕ್ಕೆ ಸಿಕ್ಕಿದ್ದು ಬಿಡುಗಡೆಯಲ್ಲ. ಒಂಬತ್ತರ ವಯಸ್ಸಿನಲ್ಲಿ ನಾನು ಓದದೆ ಬಿಟ್ಟ ಸಾಲಿನಲ್ಲಿ ಅದೇ ಇತ್ತು: ಊನವಾದದ್ದನ್ನು ಜಿಂಕೆಯ ಮಾಂಸದಂತೆ ನಿಮ್ಮ ಊರಲ್ಲೇ ತಿನ್ನಿ, ರಕ್ತವನ್ನು ನೀರಿನಂತೆ ನೆಲಕ್ಕೆ ಚೆಲ್ಲಿ.

ಈಗ ಧರ್ಮನಿಷ್ಠ ಯಹೂದಿ ಹೈನುಗಾರರು ಈ ಇಕ್ಕಟ್ಟಿಗೇ ಸಿಗುವುದಿಲ್ಲ. ಮೊದಲ ಹೆರಿಗೆಗೆ ಮುಂಚೆಯೇ ಹಸುವಿನ ಒಂದು ಪಾಲನ್ನು ಯಹೂದಿಯಲ್ಲದವರಿಗೆ ಮಾರಿಬಿಡುತ್ತಾರೆ. ಪಾಲುಗಾರಿಕೆ ಇದ್ದರೆ ಕರುವಿಗೆ ಚೊಚ್ಚಲಿನ ಪಾವಿತ್ರ್ಯ ಹತ್ತುವುದಿಲ್ಲ. ಅವ್ವನಿಗೆ ಹೇಳಿದ್ದರೆ ನಗುತ್ತಿದ್ದಳು.

ಆ ಭಾನುವಾರ ಅವ್ವ ಮರಿಯ ಕಾಲಿನ ಗೆರೆಯ ಮೇಲೆ ಬೆರಳಾಡಿಸಿ, "ಹುಳ ಕಡದಿರಬೇಕು" ಎಂದು ಅರಿಸಿನ ಹಚ್ಚಿದಳು. ನನ್ನ ಕಡೆ ನೋಡಲಿಲ್ಲ. ಚರ್ಚಿನಲ್ಲಿ ಊನ ನೋಡುವ ಇಲಾ ಯಾರೂ ಇರಲಿಲ್ಲ. ಮರಿಯನ್ನು ಉಳಿದವುಗಳ ಜೊತೆ ಕಟ್ಟಿದರು. ಹರಾಜಿನಲ್ಲಿ ಅದಕ್ಕೆ ಮುಂಚೆ ಬಂದ ಎರಡು ಮರಿಗಳನ್ನು ಸಾಕಲು ಬೇಕಾದ ರೈತರು ಪೈಪೋಟಿಯ ಮೇಲೆ ಕೂಗಿ ಹಿಡಿದುಕೊಂಡು ಹೋದರು. ನಮ್ಮದು ಬಂದಾಗ ಯಾರೋ "ಕುಂಟ್ ಐತಲ್ಲೋ" ಅಂದರು. ಸ್ವಲ್ಪ ಹೊತ್ತು ಯಾರೂ ಕೂಗಲಿಲ್ಲ. ಕೊನೆಗೆ ಮಟನ್ ಅಂಗಡಿಯವನು ಕೂಗಿದ, ಅವನಿಗೇ ಆಯಿತು.

ಸೋಮವಾರ ಬಟ್ಟೆ ಒಗೆಯುವಾಗ ಅವ್ವ ನನ್ನ ಚಡ್ಡಿಯ ಕಿಸೆಯಿಂದ ಸುತಳಿಯ ತುಂಡು ತೆಗೆದಳು. ತಿರುಗಿಸಿ ನೋಡಿ ಕಲ್ಲಿನ ಅಂಚಿಗೆ ಒಣಗಲು ಇಟ್ಟು, ಮತ್ತೆ ಒಗೆಯತೊಡಗಿದಳು.